ಜ್ವರ ಬಂದ ಡುಂಕು

ನವೆಂಬರ್ ೧೮, ಸೋಮವಾರ

ಸೊಸೈಟಿಯವರು ಕೊಟ್ಟ ಹೋದ ವರ್ಷದ ಡೈರಿ ಖಾಲಿ ಬಿದ್ದಿತ್ತು. ವಾರ ಹೊಂದುವುದಿಲ್ಲ. ಅಚ್ಚಾದದ್ದನ್ನು ಹೊಡೆದು ನಾನೇ ಬರೆದುಕೊಳ್ಳುತ್ತೇನೆ. ಯಾರಿಗಾದರೂ ಹೇಳಿದರೆ ಊರೆಲ್ಲ ಆಗುತ್ತದೆ, ಹೊಟ್ಟೆಯಲ್ಲಿಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ಇಲ್ಲಿ ಹಾಕಿದರೆ ಎರಡೂ ತಂಟೆ ಇಲ್ಲ.

ಇವತ್ತಿನ ತಂಟೆ ಎಂದರೆ, ಸೊಸೆ ಭೂಮಿಕಾ ಓವನ್ ತಂದಿದ್ದಾಳೆ. ಬಿಸ್ಕತ್ತು ಮಾಡುತ್ತಾಳಂತೆ. ಶಿರಸಿಯಲ್ಲಿ ಬಿಸ್ಕತ್ತಿಗೆ ಬರಗಾಲವೇ?

ಸುಭಾಷ ಹೋಗಿ ಎರಡು ವರ್ಷ. ಬೈಕು ಜಾರಿ ಬಿದ್ದ ಮಗ ಏಳಲಿಲ್ಲ. ಅದನ್ನು ಮತ್ತೆ ಬರೆಯುವುದಿಲ್ಲ. ಉಳಿದವರು ನಾವಿಬ್ಬರು, ಯಲ್ಲಾಪುರ ನಾಕೆಯ ಹತ್ತಿರದ ಈ ಬಾಡಿಗೆ ಮನೆಯಲ್ಲಿ. ನಾನು ತೊಡೆದೇವು ಮಾಡುತ್ತೇನೆ. ಕಾದ ಗಡಿಗೆಯ ಬೆನ್ನಿಗೆ ಕಬ್ಬಿನಹಾಲಿನ ಹಿಟ್ಟು ಬಳಿದು ಕಾಗದದ ಹಾಗೆ ಎಬ್ಬಿಸಿ ಮಡಿಸಿ ಕೊಡುತ್ತೇನೆ, ಅವಳು ಅಂಗಡಿಗಳಿಗೆ ಮುಟ್ಟಿಸುತ್ತಾಳೆ. ಅವಳು ದಾಸನಕೊಪ್ಪದ ಕಡೆಯ ಹುಡುಗಿ. ಜಾತಿ ಬೇರೆ. ಸುಭಾಷ ತಾನೇ ಮೆಚ್ಚಿ ತಂದವಳು. ಅವಳ ಅಪ್ಪ ಚಂದ್ರಶೇಖರಪ್ಪ ಅಂದಿನಿಂದ ಮಗಳ ಜೊತೆ ಮಾತು ಬಿಟ್ಟ, ತಾಯಿ ಮೊದಲೇ ಇಲ್ಲ. ಹಾಗಾಗಿ ಅವಳಿಗೆ ನಾನು, ನನಗೆ ಅವಳು. ಇಷ್ಟರ ಮೇಲೆ ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ ಎಂದೇನೂ ಅಲ್ಲ.

ಈ ಬಿಸ್ಕತ್ತಿನ ಕ್ರಮ ನನ್ನ ತಲೆಗೆ ಹೋಗುತ್ತಿಲ್ಲ. ಹಿಟ್ಟಿಗೆ ಬೇರೆ ಬೇರೆ ಬಣ್ಣ ಕಲಸಿ, ಕಣ್ಣಿಗೆ ಎರಡು ಕಪ್ಪು ಕಡ್ಡಿ, ಬಾಯಿಗೆ ಒಂದು ಪಟ್ಟಿ, ಕಿವಿಗೆ ಎರಡು ದಪ್ಪ ಕಡ್ಡಿ, ಎಲ್ಲವನ್ನೂ ಉದ್ದಕ್ಕೆ ಮಲಗಿಸಿ, ಸುತ್ತ ಹಿಟ್ಟು ಮುಚ್ಚಿ ಉರುಳೆ ಮಾಡಬೇಕು. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಕತ್ತರಿಸಿದರೆ ಒಂದೊಂದು ಬಿಲ್ಲೆಯಲ್ಲೂ ಅದೇ ಮುಖ ಇರುತ್ತದಂತೆ. ಮುಖವನ್ನು ಎದುರಿನಿಂದ ಮಾಡುವುದು ಗೊತ್ತು. ಉದ್ದಕ್ಕೆ ಮಾಡುವುದು ಯಾವ ಊರಿನ ಪದ್ಧತಿ?

ಮೊದಲ ಆರ್ಡರ್ ಯಲ್ಲಾಪುರದ್ದು. ಉದಯ ಎಂದು, ಬ್ಯಾಟರಿ ಅಂಗಡಿಯವ. ಮಗಳು ಅನುಶ್ರೀಗೆ ಐದು ತುಂಬುತ್ತದೆ. ಅದು ಮೊಬೈಲಿನಲ್ಲಿ ನೋಡುವ ಡುಂಕು ಎಂಬ ಕರಡಿಮರಿಯ ಮುಖವೇ ಬೇಕಂತೆ. ಹಳದಿ ಮೋರೆ, ಕೆಂಪು ಟೊಪ್ಪಿ, ಒಂದೇ ಹಲ್ಲು.

ನಾನು ಎರಡು ಕಟ್ಟಳೆ ಹಾಕಿದೆ. ಮೊಟ್ಟೆ ಕೂಡದು, ಬಾಟಲಿಯ ಬಣ್ಣ ಕೂಡದು.

“ಅತ್ತಿ, ಇದು ತಿನ್ನೂ ಬಣ್ಣಾನ ರೀ. ಬೇಕರಿಯವ್ರೆಲ್ಲಾ ಹಾಕ್ತಾರ.”

“ಯನ್ನ ಅಡುಗೆಮನೆಗೆ ಬಾಟ್ಲಿ ಬಣ್ಣ ಬಪ್ಲಾಗ. ಹಳದಿ ಬೇಕಾದ್ರೆ ಅರಿಶಿನ ಇದ್ದು, ಕೆಂಪು ಬೇಕಾದ್ರೆ ಮುರುಗಲು ಹಣ್ಣಿನ ಸಿಪ್ಪೆ ಇದ್ದು.”

ಅವಳು ಬಾಟಲಿಗಳನ್ನು ಎತ್ತಿ ಚೀಲಕ್ಕೆ ಹಾಕಿದಳು. ಅವಳ ಈ ಸುಮ್ಮನಿರುವಿಕೆಯೇ ನನಗೆ ಆಗುವುದಿಲ್ಲ, ಜಗಳಕ್ಕೆ ಒಂದು ತುದಿಯೂ ಸಿಗುವುದಿಲ್ಲ.

ನವೆಂಬರ್ ೨೩, ಶನಿವಾರ

ಮರ್ಯಾದೆ ಹೋಯಿತು.

ಉರುಳೆ ಕತ್ತರಿಸಿದಾಗ ಡುಂಕು ಸರಿಯಾಗಿಯೇ ಇದ್ದ. ಟೊಪ್ಪಿ ಸ್ವಲ್ಪ ಮಂಕು, ಅಷ್ಟೇ. ಚೂರಿ ಇಳಿದಲ್ಲೆಲ್ಲ ಅದೇ ಮುಖ ಎದ್ದು ಬರುವುದನ್ನು ನೋಡಿ ಇನ್ನೊಂದು ಕೊಯ್ಯಿ ಎಂದೆ, ಸುಳ್ಳೇಕೆ ಹೇಳಲಿ. ಓವನ್ನಿಗೆ ಹೋಗಿ ಬಂದವನನ್ನು ನೋಡುತ್ತೇನೆ, ಮೋರೆ ಇಟ್ಟಿಗೆಯ ಕೆಂಪು, ಟೊಪ್ಪಿ ಕೆಸರು ಹಸಿರು.

ತಪ್ಪು ಯಾರದೆಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಸೊಸೆ ಅಳೆದಿಟ್ಟ ಅಡುಗೆ ಸೋಡಾ ಏನೇನೂ ಸಾಲದು ಅನ್ನಿಸಿ, ಅವಳು ಬಟ್ಟೆ ಒಣಹಾಕಲು ಹೋದಾಗ ನಾನು ಧಾರಾಳವಾಗಿ ಇನ್ನಷ್ಟು ಹಾಕಿದ್ದೆ, ಗರಿಗರಿಯಾಗಲಿ ಎಂದು. ಅರಿಶಿನಕ್ಕೆ ಸುಣ್ಣ ಕದಡಿದರೆ ಕೆಂಪಾಗುತ್ತದೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆರತಿಯ ಓಕುಳಿ ಮಾಡುವುದೇ ಹಾಗೆ. ಎಷ್ಟು ಮದುವೆಗೆ ಕದಡಿಲ್ಲ ನಾನು! ಸೋಡಾವೂ ಸುಣ್ಣದ ತಂಗಿ ಎಂದು ಯಾರು ಕಂಡಿದ್ದರು? ಮುರುಗಲಿನ ಕೆಂಪನ್ನು ಹಸಿರು ಮಾಡಿದ್ದೂ ಅವಳೇ.

ಸೊಸೆ ಹಿಟ್ಟಿನ ಕೈಯನ್ನು ಸಾಬೂನು ಹಚ್ಚಿ ತೊಳೆಯುತ್ತಿದ್ದಳು. ಎರಡೂ ಅಂಗೈ ಕೆಂಪಾಗಿ ಹೋಯಿತು. ಸುಭಾಷ ಅವಳನ್ನು ಕರೆತಂದ ದಿನ ಬಾಗಿಲಲ್ಲಿ ಇಬ್ಬರಿಗೂ ಇದೇ ಕೆಂಪು ನೀರಿನ ಆರತಿ ಮಾಡಿಸಿದ್ದೆ, ಪಕ್ಕದ ಮನೆಯ ಮುತ್ತೈದೆಯರಿಂದ. ಗಂಡನಿಲ್ಲದ ನಾನು ಎತ್ತುವ ಹಾಗಿರಲಿಲ್ಲ. ಅವಳಿಗೂ ಅದು ನೆನಪಾಯಿತೋ ಏನೋ, ಕೈ ನೋಡಿಕೊಂಡು ನಿಂತೇ ಇದ್ದಳು. ನಲ್ಲಿಯ ನೀರು ಹೋಗುತ್ತಿತ್ತು. ನಾನು ನಲ್ಲಿ ನಿಲ್ಲಿಸಿದೆ.

ಮಧ್ಯಾಹ್ನ ಆ ಉದಯ ಬಂದ. ಡಬ್ಬಿ ತೆರೆದು ನೋಡಿದ, ಮುಚ್ಚಿದ. “ಬೇರೆ ಮಾಡಲೆ ಹೊತ್ತಿಲ್ಲೆ, ಸಂಜೆನೇ ಹುಟ್ಟಿದಹಬ್ಬ” ಎಂದು ಅದನ್ನೇ ತೆಗೆದುಕೊಂಡು ಹೋದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನವೆಂಬರ್ ೨೫, ಸೋಮವಾರ

ಉದಯನ ಫೋನ್. ಡುಂಕುಗೆ ಜ್ವರ ಬಂದಿದೆ ಎಂದು ಮಗಳು ಒಂದನ್ನೂ ತಿನ್ನಲು ಬಿಟ್ಟಿಲ್ಲವಂತೆ. ಡಬ್ಬಿ ಸಮೇತ ಕಂಬಳಿ ಹೊದೆಸಿ ಮಲಗಿಸಿದೆಯಂತೆ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳು ಬರೀ ಚಿಪ್ಸ್ ತಿಂದು ಹೋದರಂತೆ. ಗುಣವಾದ ಡುಂಕು ಬೇಕು ಎಂದು ಇನ್ನೊಂದು ಆರ್ಡರ್.

ಕೆಲಸವಿಲ್ಲದ ಜನ. ಮಗು ಹೇಳಿತು ಎಂದು ಕುಣಿಯುವುದೇ?

ಸಂಜೆ ಸೊಸೆ ಹಣ ಬಂದದ್ದನ್ನು ನೋಡುತ್ತಿದ್ದಾಗ, ಕಂಬಳಿಯೊಳಗೆ ಇರುವೆ ಬಂದೀತು, ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡಲು ಹೇಳು ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಡಿಸೆಂಬರ್ ೮, ಭಾನುವಾರ

ಎರಡು ವಾರದಿಂದ ಮನೆಯೆಲ್ಲ ಬೆಣ್ಣೆಯ ವಾಸನೆ. ಉರುಳೆ ಫ್ರಿಜ್ಜಿನಲ್ಲಿ ಒಂದು ಮಗ್ಗುಲಿಗೆ ಕೂತು ಚಪ್ಪಟೆಯಾಗುತ್ತಿತ್ತು. ಡುಂಕುಗೆ ಕೆನ್ನೆ ಬಾತ ಹಾಗೆ ಕಾಣುತ್ತಿತ್ತು. ಸೊಸೆ ಮೊಬೈಲಿನಲ್ಲಿ ಹುಡುಕುತ್ತ ಕೂತಳು. ನಾನು ಉರುಳೆಯನ್ನು ಬಾಳೆಲೆಯಲ್ಲಿ ಸುತ್ತಿ ಅಕ್ಕಿ ತುಂಬಿದ ಪಾತ್ರೆಯಲ್ಲಿ ಹುಗಿದು ಫ್ರಿಜ್ಜಿನಲ್ಲಿಟ್ಟೆ. ಗುಂಡಗೆ ಬಂತು. ಚೂರಿ ಒತ್ತಿದರೆ ಮೂಗು ಜಾರುತ್ತದೆ, ಹೂ ಕಟ್ಟುವ ದಾರದಲ್ಲಿ ಕೊಯ್ದರೆ ಜಾರುವುದಿಲ್ಲ. ಇದನ್ನೂ ನಾನೇ ಕಂಡುಹಿಡಿದದ್ದು. ಬಿಸ್ಕತ್ತಿನ ಮೇಲೆ ನನಗೆ ಪ್ರೀತಿ ಎಂದಲ್ಲ. ಕೆಟ್ಟ ಕೆಲಸ ಕಣ್ಣೆದುರು ನಡೆಯುವುದನ್ನು ನೋಡಲಾಗುವುದಿಲ್ಲ.

ಇವತ್ತು ಉದಯ ಮಗಳನ್ನೂ ಕರೆದುಕೊಂಡು ಬಂದ. ಮಗು ಉರುಳೆಗೆ ಕಿವಿ ಕೊಟ್ಟು ಕೂತಿತು.

“ಅಜ್ಜಿ, ಡುಂಕು ಎಲ್ಲಾ ಒಳಗೆ ಸಾಲಾಗಿ ಮಲಗಿದ್ವಾ?”

“ಹೌದು.”

“ಕೊಯ್ದ್ರೆ ನೋವಾಗ್ತಿಲ್ಯಾ?”

“ಕೊಯ್ಯದಿದ್ರೆ ಅದಕ್ಕೆ ಮುಖ ಎಲ್ಲಿಂದ ಬಪ್ಪದು ಕೂಸೆ? ಕಣ್ಣು ಮುಚ್ಚಿ ಕುತ್ಗ.”

ಮಗುವಿನ ಜಡೆ ಒಂದು ಮೇಲೆ, ಒಂದು ಕೆಳಗೆ. ತಾಯಿ ಹೆಣೆದದ್ದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಅವರು ಹೋದ ಮೇಲೆ ಸೊಸೆ ಹೇಳಿದಳು, ತಾಯಿ ಡೈವೋರ್ಸ್ ತೆಗೆದುಕೊಂಡು ಹೋಗಿ ಮೂರು ವರ್ಷವಂತೆ. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. ಫೋನಿನಲ್ಲಿ ಹೇಳಿದರಂತೆ. ಕರಡಿಮರಿಯ ಬಿಸ್ಕತ್ತಿಗೂ ಡೈವೋರ್ಸಿಗೂ ಏನು ಸಂಬಂಧ?

ಡಿಸೆಂಬರ್ ೨೭, ಶುಕ್ರವಾರ

ಯಲ್ಲಾಪುರದಿಂದ ಮತ್ತೆ ಆರ್ಡರ್. ಯಾವ ಮಗುವಿಗೆ ವರ್ಷದಲ್ಲಿ ಇಷ್ಟು ಹುಟ್ಟುಹಬ್ಬ ಬರುತ್ತದೆ?

ಜನವರಿ ೧೬, ಗುರುವಾರ

ಡೈರಿಯ ಮೊದಲ ಹಾಳೆಗಳಿಗೆ ಮರಳಿ ಬಂದಿದ್ದೇನೆ.

ಕರೆಂಟು ಹೋಗಿ ಹೋಗಿ ಮೂರು ಉರುಳೆ ಮೆತ್ತಗಾಗಿ ಹಾಳಾಗಿತ್ತು. ಸೊಸೆ ಅದನ್ನು ಯಾರಿಗೆ ಹೇಳಿದಳೋ ಏನೋ, ನನಗೇನು ಗೊತ್ತಿಲ್ಲದೆ ಇಲ್ಲ, ಇವತ್ತು ಉದಯ ಹಳೆಯದೊಂದು ಇನ್ವರ್ಟರ್ ತಂದು ಫ್ರಿಜ್ಜಿಗೆ ಜೋಡಿಸಿದ. ಬಾಡಿಗೆ ಬೇಡವಂತೆ, ಅಂಗಡಿಯಲ್ಲಿ ಸುಮ್ಮನೆ ಕೂತಿತ್ತಂತೆ. ಸುಮ್ಮನೆ ಕೂತ ಬ್ಯಾಟರಿ ಶಿರಸಿಯವರೆಗೆ ಸುಮ್ಮನೆ ಬರುವುದಿಲ್ಲ.

ಬ್ಯಾಟರಿಗೆ ನೀರು ಹಾಕುವ ಕ್ರಮವನ್ನು ಸೊಸೆಗೆ ಮುಕ್ಕಾಲು ಗಂಟೆ ಹೇಳಿದ. ನಾನು ಹಿಟ್ಟು ಜರಡಿ ಹಿಡಿಯುತ್ತ ಕೇಳುತ್ತಿದ್ದೆ. ಗೆರೆಯಿಂದ ಮೇಲೆ ಹೋಗಬಾರದು, ಕೆಳಗೂ ಇಳಿಯಬಾರದು. ಇಷ್ಟೇ ಮಾತು. ಅದಕ್ಕೆ ಮು-ಕ್ಕಾ-ಲು ಗಂಟೆ. ಕೊನೆಗೆ ಸೊಸೆ ಕೇಳಿದಳು, “ಮತ್ತ ಜಾಸ್ತಿ ಆದ್ರ ಅದಕ್ಕೂ ಜ್ವರಾ ಬರ್ತದೇನ್ರಿ?” ಇಬ್ಬರೂ ನಕ್ಕರು.

ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಸಿಟ್ಟು ಬಂತು. ಆಮೇಲೆ ಸಿಟ್ಟು ಬಂದದ್ದಕ್ಕೆ ಸಿಟ್ಟು ಬಂತು. ಹಿಟ್ಟನ್ನು ಮತ್ತೊಮ್ಮೆ ಜರಡಿ ಹಿಡಿದೆ.

ಫೆಬ್ರವರಿ ೯, ಭಾನುವಾರ

ಬಂತು. ಬರುತ್ತದೆ ಎಂದು ಗೊತ್ತಿದ್ದೇ ಬಂತು.

ಕಣ್ಣಿನ ಕಡ್ಡಿ ಹೊಸೆಯುತ್ತ, ತಲೆ ಎತ್ತದೆ ಹೇಳಿದಳು. “ಅತ್ತಿ, ಅವ್ರು ನನ್ನ ಲಗ್ನಾ ಆಗ್ತೇನಿ ಅಂತ ಕೇಳ್ಯಾರ. ನೀವು ಬ್ಯಾಡ ಅಂದ್ರ ಬ್ಯಾಡ್ರಿ. ನಾ ಏನೂ ಅನ್ನೂದಿಲ್ಲ.”

ನಾನು ಬೇಡ ಎಂದರೆ ಬೇಡ. ಎಷ್ಟು ಸುಲಭ ಮಾಡಿ ನನ್ನ ಕೊರಳಿಗೆ ಕಟ್ಟಿದಳು! ಇಪ್ಪತ್ತೊಂಬತ್ತು ವರ್ಷದ ಹುಡುಗಿ. ನಾನು ಬೇಡ ಎಂದರೆ ಜೀವಮಾನವಿಡೀ ಇಲ್ಲೇ ಡಬ್ಬಿ ಅಂಟಿಸುತ್ತ ಕೂರುತ್ತಾಳೆ. ಹೂಂ ಎಂದರೆ ಈ ಮನೆಯಲ್ಲಿ ನಾನೊಬ್ಬಳೇ. ಸುಭಾಷನ ಹೆಸರು ಹೇಳಿದರೆ ಹೌದು ಅನ್ನಲು ಇನ್ನೊಂದು ಬಾಯಿ ಇರುವುದಿಲ್ಲ.

ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲು ಇರಲೇ ಇಲ್ಲ.

ಫೆಬ್ರವರಿ ೧೦, ಸೋಮವಾರ

ಬರೆಯುವುದಕ್ಕೆ ಏನೂ ಇಲ್ಲ.

ಫೆಬ್ರವರಿ ೨೦, ಗುರುವಾರ

ಯಲ್ಲಾಪುರಕ್ಕೆ ಹೋಗಿ ಬಂದೆ. ಹಲ್ಲು ತೋರಿಸಲಿಕ್ಕೆ ಎಂದು ಸೊಸೆಗೆ ಸುಳ್ಳು ಹೇಳಿದೆ. ಒಬ್ಬ ಗಂಡಸಿನ ಹೆಂಡತಿ ಮಗುವನ್ನೂ ಬಿಟ್ಟು ಹೋಗಬೇಕಾದರೆ ಸುಮ್ಮನೆ ಹೋಗುವುದಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ. ಅವನ ಹುಳುಕು ಒಂದು ಸಿಕ್ಕರೆ ಸಾಕು, ಬೇಡ ಎನ್ನುವುದಕ್ಕೆ ನನಗೊಂದು ಕಾರಣ ಆಗುತ್ತದೆ. ಹೋದದ್ದು ಅಷ್ಟಕ್ಕೇ.

ಅವನ ಅಂಗಡಿಗೆ ಬೀಗ. ಕೆಲಸದ ಮೇಲೆ ಮುಂಡಗೋಡಕ್ಕೆ ಹೋಗಿದ್ದನಂತೆ. ಒಳ್ಳೆಯದೇ ಆಯಿತು. ಪಕ್ಕದ ಮನೆಯ ಬಿಸ್ಮಿಲ್ಲಾ ಬಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ನನ್ನದೇ ವಯಸ್ಸು.

“ಬನ್ನಿ ಅಮ್ಮಾ, ಕೂತ್ಕೊಳ್ಳಿ. ಹುಡುಗಿ ಕಡೆಯವ್ರಾ ನೀವು?”

ಹೂಂ ಅಂದುಬಿಟ್ಟೆ. ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಕುಡಿಯುತ್ತಾನಾ, ಕೈ ಎತ್ತುತ್ತಾನಾ, ಹೊರಗೆ ಉಳಿಯುತ್ತಾನಾ.

“ಅದೆಲ್ಲಾ ಏನೂ ಇಲ್ಲ ಅಮ್ಮಾ. ಅವನಿಗೆ ಮಾತೇ ಬರೂದಿಲ್ಲ, ಅದೇ ಒಂದು ರೋಗ. ಸಿಟ್ಟು ಬಂದ್ರೂ ಸುಮ್ನೆ, ಖುಷಿಯಾದ್ರೂ ಸುಮ್ನೆ. ಅವನ ಹೆಂಡ್ತಿ ಇಲ್ಲಿ ಬಂದು ಅಳ್ತಿತ್ತು, ಖಾಲಾ, ಗೋಡೆ ಜೊತೆ ಸಂಸಾರ ಮಾಡ್ದಂಗೆ ಆಗದೆ ಅಂತ. ಮಗೂನ ಕರ್ಕೊಂಡೇ ಹೊರಟಿತ್ತು. ಮಗು ಅಪ್ಪನ್ನ ಬಿಡ್ಲಿಲ್ಲ.”

ಮಾತು ಬಾರದವನೇ? ಬ್ಯಾಟರಿಯ ನೀರಿನ ವಿಷಯ ಮುಕ್ಕಾಲು ಗಂಟೆ ಮಾತಾಡಿದವನು ಯಾರು ಹಾಗಾದರೆ? ನನಗೆ ಒಂದೂ ಅರ್ಥವಾಗಲಿಲ್ಲ.

ಅವನ ಮನೆಯ ಕೀಲಿಕೈ ಬಿಸ್ಮಿಲ್ಲಾ ಬಿಯ ಹತ್ತಿರವೇ ಇರುತ್ತದೆ. ನೋಡಿ ಬನ್ನಿ ಎಂದು ಬಾಗಿಲು ತೆಗೆದಳು. ಅಡುಗೆಮನೆಗೆ ಕಿಟಕಿ ಇದೆ, ಗಾಳಿ ಆಡುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ಪಾತ್ರೆ ತೊಳೆದಿಟ್ಟಿದ್ದ, ಆದರೆ ಬೋರಲು ಹಾಕಿರಲಿಲ್ಲ. ಕಟ್ಟೆ ಅಗಲವಾಗಿದೆ, ಓವನ್ ಇಟ್ಟ ಮೇಲೂ ಉರುಳೆ ಹೊಸೆಯಲು ಜಾಗ ಉಳಿಯುತ್ತದೆ. ಗೇಣು ಹಾಕಿಯೇ ನೋಡಿದೆ. ಅದನ್ನೇಕೆ ನೋಡಿದೆನೋ.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಹುಳುಕು ಹುಡುಕಲು ಹೋದವಳು ನಾನು.

ಮಾರ್ಚ್ ೧೧, ಮಂಗಳವಾರ

ತಲೆ ಕೆಟ್ಟಿದೆ. ಏನು ಮಾಡಲು ಹೋಗಿ ಏನು ಮಾಡಿಕೊಂಡು ಬಂದೆ ಎಂದು ಸರಿಯಾಗಿ ಬರೆಯುತ್ತೇನೆ.

ಹೆಗಡೆಕಟ್ಟಾಕ್ಕೆ ಹೋಗಿದ್ದೆ, ವೆಂಕಟ್ರಮಣ ಭಾವನ ಮನೆಗೆ. ನನ್ನ ಗಂಡನ ಅಣ್ಣ, ಮನೆತನಕ್ಕೆ ಹಿರಿಯ. ಅವನು ಕೂಡದು ಎನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ಹಿರಿಯರು ಒಪ್ಪಲಿಲ್ಲ ಎಂದು ಸೊಸೆಗೆ ಹೇಳಿದರೆ ಬೇಡ ಎಂದ ಪಾಪ ನನಗೆ ತಟ್ಟುವುದಿಲ್ಲ ಎಂಬ ಲೆಕ್ಕ ನನ್ನದು.

ಭಾವ ನಾನು ಎಣಿಸಿದ ಹಾಗೆಯೇ ಹಾರಿಬಿದ್ದ. “ಸತ್ತ ಮಗನ ಹೆಂಡ್ತಿನ ಇನ್ನೊಬ್ಬಂಗೆ ಕೊಡದಾ? ಎಲ್ಲಾದ್ರೂ ಕಂಡಿದ್ಯ ದೇವಿ? ನಾಳೆ ನಿಂಗೆ ಒಂದು ಲೋಟ ನೀರು ಕೊಡಲೆ ಯಾರಿದ್ದ?”

ಇದೇ ಮಾತನ್ನು ನಾನು ತಿಂಗಳಿನಿಂದ ನನಗೆ ನಾನೇ ಹೇಳಿಕೊಂಡು ಬಂದವಳು. ಅವನ ಬಾಯಲ್ಲಿ ಕೇಳಿದಾಗ ಮೈ ಉರಿಯಿತು.

“ಭಾವಾ, ಅದು ಯನ್ನ ಮನೆಗೆ ಸೊಸೆಯಾಗಿ ಬಂದಿದ್ದು. ನೀರಿನ ಲೋಟ ಹಿಡ್ಕಂಡು ನಿಂತ್ಗಂಬಲೆ ಬಂದಿದ್ದಲ್ಲ.”

“ಹಂಗಾರೆ ಎನ್ನ ಎಂತಕ್ಕೆ ಕೇಳಲೆ ಬಂದೆ?”

ಅದು ನ್ಯಾಯವಾದ ಪ್ರಶ್ನೆ. ಭಾವನ ಹೆಂಡತಿ ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಎದ್ದು ಬಂದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಬಾಯಾರಿ ಸಾಯುವಂತಾಯಿತು. ಅತ್ತ ದರಿ, ಇತ್ತ ಪುಲಿ. ನನ್ನನ್ನು ಯಾರಾದರೂ ತಡೆಯಲಿ ಎಂದು ಹೋಗುತ್ತೇನೆ, ತಡೆದವರ ಮೇಲೆ ಜಗಳ ಮಾಡಿ ಬರುತ್ತೇನೆ. ಹೀಗೆ ಮಾಡುವವರಿಗೆ ಏನೆನ್ನುತ್ತಾರೆ?

ಮಾರ್ಚ್ ೧೪, ಶುಕ್ರವಾರ

ಸೊಸೆಯಿಂದ ನಂಬರು ತೆಗೆದುಕೊಂಡು ಅವಳ ಅಪ್ಪ ಚಂದ್ರಶೇಖರಪ್ಪನಿಗೆ ಫೋನು ಮಾಡಿದೆ. ಭೂಮಿಕಾನ ಅತ್ತೆ ಎಂದ ಕೂಡಲೇ ಇಟ್ಟುಬಿಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ಗಂಡು ಹೇಗಿದ್ದಾನೆ ಎಂದು ವಿಚಾರಿಸುವ ಒಂದು ಜನವಾದರೂ ಅವಳಿಗೆ ಬೇಡವೇ? ಅಷ್ಟೂ ನಾನೇ ತಿರುಗಬೇಕೇ ಈ ಮೊಣಕಾಲು ಹೊತ್ತು?

ಏಪ್ರಿಲ್ ೧೩, ಭಾನುವಾರ

ಇವತ್ತು ಬೇಡ ಎಂದು ಹೇಳಿ ಮುಗಿಸುವುದೆಂದು ಬೆಳಿಗ್ಗೆಯೇ ನಿಶ್ಚಯ ಮಾಡಿದ್ದೆ. ಅವನೂ ಇವತ್ತೇ ಬಂದ. ಮಗಳು ಒಳಗೆ ಸೊಸೆಯ ಜೊತೆ ಟೊಪ್ಪಿಯ ಹಿಟ್ಟು ನಾದುತ್ತಿತ್ತು. ಈಗ ಟೊಪ್ಪಿಗೆ ಬೀಟ್‌ರೂಟ್ ಹಾಕುತ್ತೇವೆ, ಸೋಡಾ ಬಿಟ್ಟೇಬಿಟ್ಟಿದ್ದೇವೆ.

ಅವನು ಜಗುಲಿಯಲ್ಲಿ ಕೂತು ಅಂಗೈ ತಿಕ್ಕಿಕೊಂಡ. “ದೇವಕ್ಕ, ಯಾರ ಹತ್ರ ಕೇಳಕು ಹೇಳಿ ಗೊತ್ತಾಜಿಲ್ಲೆ.”

“ಎಂತದ್ದ?”

“ಭೂಮಿಕಾನ.”

“ಯನ್ನ ಹತ್ರ ಕೇಳಕು. ಮತ್ತ್ಯಾರ ಹತ್ರ ಕೇಳ್ತೆ?”

ಅವನು ಸುಮ್ಮನಿದ್ದಷ್ಟು ಹೊತ್ತೂ ಬೇಡ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅದನ್ನು ಬಿಟ್ಟು ಬಾಯಿಂದ ಬಂದದ್ದೇ ಬೇರೆ.

“ಹಿಂಗೆ ಕುತ್ಗಂಬದು ಆಗ್ತಿಲ್ಲೆ ತಮ್ಮಾ. ಸಿಟ್ಟು ಬಂದ್ರೆ ಬೈಯಿ. ಖುಷಿಯಾದ್ರೆ ಬಾಯಿ ಬಿಟ್ಟು ಹೇಳು. ನಮ್ಮ ಕೂಸೂ ಸುಮ್ನಿಪ್ಪದು, ನೀನೂ ಸುಮ್ನಿದ್ರೆ ಆ ಮನೇಲಿ ಮಾತಾಡವ್ವು ಯಾರು, ಡುಂಕುವಾ?”

ಅವನು ತಲೆ ತಗ್ಗಿಸಿ ಹೂಂ ಎಂದ. ಓವನ್ ಅವಳ ಜೊತೆಗೇ ಬರುತ್ತದೆ, ಅವಳ ಕೆಲಸಕ್ಕೆ ಅಡ್ಡ ಬರಕೂಡದು, ಅವಳು ದುಡಿದದ್ದು ಅವಳ ಕೈಯಲ್ಲೇ ಇರಬೇಕು, ಪಾತ್ರೆ ತೊಳೆದ ಮೇಲೆ ಬೋರಲು ಹಾಕಬೇಕು. ಎಲ್ಲದಕ್ಕೂ ಹೂಂ. ಆಮೇಲೆ ಬಹಳ ಕಷ್ಟಪಟ್ಟು ಒಂದು ಇಡೀ ವಾಕ್ಯ ಆಡಿದ. “ನೀವೂ ನಂಗಳ ಜೊತಿಗೆ ಬಂದು ಯಲ್ಲಾಪುರದಲ್ಲೇ ಇರಿ ದೇವಕ್ಕ.”

“ಎಂತ ಮಾತು ಹೇಳಿ ಆಡ್ತೆ? ಮಗಳ ಮನೇಲಿ ಆಯಿ ಹೋಗಿ ಕುತ್ಗಂಬ ಪದ್ಧತಿ ಎಲ್ಲಿದ್ದು?”

ಸೊಸೆ ಆಗಲೇ ಚಹಾ ತಂದವಳು, ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಸಕ್ಕರೆ ತರಲು ಹೋದಳು ಎಂದುಕೊಂಡೆ. ಬಹಳ ಹೊತ್ತು ಬರಲಿಲ್ಲ. ಚಹಾಕ್ಕೆ ಸಕ್ಕರೆ ಸರಿಯಾಗಿಯೇ ಇತ್ತು.

ಅವರು ಹೋದ ಮೇಲೆ ನೆನಪಾಯಿತು, ಬೇಡ ಎಂದು ಹೇಳುವುದು ಬಾಕಿ ಉಳಿದಿದೆ. ಜೂನಿನಲ್ಲಿ ದಿನ ನೋಡಿ ಎಂದು ಬೇರೆ ಹೇಳಿ ಕಳಿಸಿದ್ದೇನೆ.

ಜೂನ್ ೪, ಬುಧವಾರ

ಮುಗಿಯಿತು. ಕಾಲು ಬಾತುಕೊಂಡಿದೆ. ಈಗಲೇ ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಉದಯನ ಮನೆಯ ಅಂಗಳದಲ್ಲಿ ಚಪ್ಪರ, ಇಪ್ಪತ್ತು ಮೂವತ್ತು ಜನ. ಹುಡುಗಿಯನ್ನು ಧಾರೆ ಎರೆದು ಕೊಡಲು ಗಂಡಹೆಂಡತಿ ಇಬ್ಬರೂ ಬೇಕು. ಭಾವನನ್ನು ಕೇಳುವ ಹಾಗೇ ಇರಲಿಲ್ಲ. ನನ್ನ ತವರು ತ್ಯಾಗಲಿಯ ತಮ್ಮನಿಗೂ ಅವನ ಹೆಂಡತಿಗೂ ಹೇಳಿದ್ದೆ. ಬರುತ್ತೇವೆ ಎಂದಿದ್ದರು. ಮುಹೂರ್ತಕ್ಕೆ ಸ್ವಲ್ಪ ಮೊದಲು ಫೋನು ಬಂತು, ಆಗುವುದಿಲ್ಲವಂತೆ, ಇಬ್ಬರಿಗೂ ಹೊಟ್ಟೆ ಕೆಟ್ಟಿದೆಯಂತೆ. ಭಾವ ಅವರಿಗೂ ಫೋನು ಮಾಡಿದ್ದಾನೆ ಎಂದು ತಿಳಿಯದಷ್ಟು ದಡ್ಡಿಯೇ ನಾನು?

ಮಧುಕೇಶ್ವರ ಭಟ್ಟರು, “ಎರೆಯವ್ವು ಬರಲಿ” ಎಂದು ಕರೆದರು. ಯಾರೂ ಇಲ್ಲ. ಮಂಟಪದಲ್ಲಿ ಸೊಸೆ ತಲೆ ಬಗ್ಗಿಸಿ ಕೂತಿದ್ದಳು. ಕಣ್ಣು ಎತ್ತಿ ಯಾರನ್ನೂ ಹುಡುಕಲಿಲ್ಲ. ಯಾರೂ ಬರುವುದಿಲ್ಲ ಎಂದು ಅಭ್ಯಾಸವಾಗಿ ಹೋದವರು ಹಾಗೆ ಕೂರುತ್ತಾರೆ. ನನಗೆ ಅದನ್ನು ನೋಡಲಾಗಲಿಲ್ಲ. ನಾನು ಹಿಂದೆ, ವಿಧವೆಯರು ಕೂರುವಲ್ಲಿ ಕೂತವಳು, ಎದ್ದು ಹೋಗಿ ಚೊಂಬು ಎತ್ತಿಕೊಂಡೆ.

ಭಟ್ಟರು ಗಾಬರಿಯಾದರು. “ದೇವಕ್ಕ, ದಂಪತಿ ಬೇಕಾಗ್ತು. ನೀವೊಬ್ರೇ...”

“ನೀರು ಎರೆಯಲೆ ಗಂಡ ಎಂತಕ್ಕೆ ಭಟ್ರೆ? ಚೊಂಬು ಸಾಕು.”

ಯಾರೋ ಕಿಸಕ್ಕನೆ ನಕ್ಕರು, ಯಾರೋ ಶ್ಶ್ ಎಂದರು. ಬಿಸ್ಮಿಲ್ಲಾ ಬಿ ಚಪ್ಪರದ ಕಂಬ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಭಟ್ಟರು ಉದಯನ ಮುಖ ನೋಡಿದರು. ಆ ಮಾತು ಬಾರದವನು ಸಭೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ, “ದೇವಕ್ಕನೇ ಎರೆಯಲಿ. ಬೇರೆಯವ್ವು ಎರೆದ್ರೆ ಯಂಗೆ ಬ್ಯಾಡ.” ಭಟ್ಟರು ಮಂತ್ರ ಶುರು ಮಾಡಿದರು. ಒಳ್ಳೆಯವರು, ಇಲ್ಲವೇ ಹಸಿದಿದ್ದರು.

ನೀರು ಅರ್ಧ ನನ್ನ ಸೀರೆಯ ಮೇಲೇ ಹೋಯಿತು. ಕೆಳಗೆ ಅವಳ ಕೈ ತಣ್ಣಗಿತ್ತು. ಸುಭಾಷ ನೆನಪಾದ. ಅವನ ಕೈಯಿಂದ ಬಿಡಿಸಿ ಇನ್ನೊಬ್ಬರ ಕೈಗೆ ಕೊಡುತ್ತಿದ್ದೇನೆ ಅನ್ನಿಸಿತು, ಅಲ್ಲ ಅವನೇ ಕೊಡು ಎನ್ನುತ್ತಿದ್ದಾನೆ ಎಂದೂ ಅನ್ನಿಸಿತು. ಯಾವುದು ನಿಜ ಗೊತ್ತಿಲ್ಲ. ಅತ್ತುಬಿಟ್ಟೆ. ಅಷ್ಟು ಜನರ ಎದುರು ಅತ್ತೆ.

ಊಟಕ್ಕೆ ಸಾರು ಉಪ್ಪಾಗಿತ್ತು.

ಜೂನ್ ೧೭, ಮಂಗಳವಾರ

ಓವನ್ ಹೋದ ಜಾಗ ಹಾಗೇ ಇದೆ. ಅಲ್ಲಿ ಏನಿಟ್ಟರೂ ಸರಿ ಕಾಣುವುದಿಲ್ಲ. ಅಕ್ಕಿ ಡಬ್ಬಿ ಇಟ್ಟೆ, ತೆಗೆದೆ.

ತೊಡೆದೇವು ಮಾಡಿ ಅಂಗಡಿಗಳಿಗೆ ನಾನೇ ಕೊಟ್ಟು ಬಂದೆ. ಸೊಸೆ ಎಲ್ಲಿ ಎಂದು ಒಬ್ಬ ಕೇಳಿದ. ಯಲ್ಲಾಪುರದಲ್ಲಿ ಎಂದೆ. ಯಾವಾಗ ಬರುತ್ತಾಳೆ ಎಂದ. ಚಿಲ್ಲರೆ ಕೊಡು ಎಂದೆ.

ಜುಲೈ ೬, ಭಾನುವಾರ

ಫೋನು ಬಂತು. ಸೊಸೆಗೂ ಉದಯನಿಗೂ ಜಗಳವಂತೆ. ಓವನ್ನಿನ ವಯರು ಯಾವ ಗೋಡೆಗೆ ಹೋಗಬೇಕು ಎಂದು ಅವನು ದನಿ ಎತ್ತಿ ಮಾತಾಡಿದನಂತೆ. ಹೇಳುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಜಗಳ ಮಾಡಿದ ಗಂಡನನ್ನು ಹೊಗಳುವವಳನ್ನು ಇವತ್ತೇ ಕಂಡದ್ದು. ಫೋನಿಟ್ಟ ಮೇಲೆ ಹಸಿವಾಯಿತು, ಎರಡು ದೋಸೆ ಹೆಚ್ಚಿಗೆ ತಿಂದೆ.

ಅಕ್ಟೋಬರ್ ೧೮, ಶನಿವಾರ

ದೀಪಾವಳಿಯ ದೊಡ್ಡಹಬ್ಬಕ್ಕೆ ಕರೆದು ಬಂದಿದ್ದೇನೆ. ಮದುವೆಯಾದ ಮೇಲೆ ಮೊದಲ ಹಬ್ಬ, ಕರೆಯದಿದ್ದರೆ ಅವಳಿಗೆ ಮರ್ಯಾದೆ ಇರುವುದಿಲ್ಲ. ಮೂವರೂ ಬರುತ್ತಾರೆ, ನಾಲ್ಕು ದಿನ ಇರುತ್ತಾರೆ.

ಕರೆಯುವಾಗ ಹೊಳೆಯಲಿಲ್ಲ, ಕರೆದ ಮೇಲೆ ಹೊಳೆಯಿತು. ಮಲಗಿಸುವುದೆಲ್ಲಿ? ಮಗು ನನ್ನ ಮಗ್ಗುಲಲ್ಲಿ ಮಲಗುತ್ತದೆ. ಅವರಿಬ್ಬರಿಗೆ ಇರುವುದು ಒಂದೇ ಮಂಚ, ಸುಭಾಷನದು. ಹಬ್ಬಕ್ಕೆ ಬಂದ ಅಳಿಯನನ್ನು ನೆಲದ ಮೇಲೆ ಮಲಗಿಸಿದರೆ ನಗೆಗೇಡು. ಮಂಚದ ಮೇಲೆ ಮಲಗಿಸಿದರೆ... ನಿನ್ನೆಯಿಡೀ ಯೋಚಿಸಿದೆ. ಯೋಚಿಸಿದಷ್ಟೂ ಗೋಜಲಾಯಿತು. ಇವತ್ತು ಬೆಳಿಗ್ಗೆ ಹೋಗಿ ಮಂಚದ ಮೇಲೆ ಕೂತೆ, ಆಮೇಲೆ ಮಲಗಿ ನೋಡಿದೆ. ಸುಭಾಷ ನನ್ನ ಹಾಗೇ ಗಿಡ್ಡ. ಉದಯ ಬಾಗಿಲಿಗೆ ತಲೆ ತಗ್ಗಿಸಿ ಬರುವವ. ಅವನ ಕಾಲು ಪೂರಾ ಹೊರಗೆ ನಿಲ್ಲುತ್ತದೆ.

ಬಡಗಿ ಕೆರಿಯನನ್ನು ಕರೆಸಿದೆ. ಅವನೇ ಮಾಡಿದ ಮಂಚ ಇದು. ಅದರ ಮೇಲೆ ಕೈಯಾಡಿಸಿ, “ಸುಭಾಷಣ್ಣಂದಲ್ಲ ಇದು? ಎಂತ ಮಾಡ್ಬೇಕು ಅಮ್ಮಾ?” ಎಂದ.

“ಉದ್ದ ಮಾಡು.”

ಅವನು ನನ್ನ ಮುಖ ನೋಡಿದ. ಹಳೆಯ ಮರಕ್ಕೆ ಹೊಸ ಮರ ಕೂಡಿಸಿದರೆ ಬಣ್ಣ ಹೊಂದುವುದಿಲ್ಲ, ಜೋಡಿಸಿದ್ದು ಎದ್ದು ಕಾಣುತ್ತದೆ, ಬೇಕಾದರೆ ಬೇರೆ ಹೊಸ ಮಂಚವನ್ನೇ ಮಾಡಿಕೊಡುತ್ತೇನೆ ಎಂದ. ಬೇಡ, ಇದನ್ನೇ ಮಾಡು, ಕಂಡರೆ ಕಾಣಲಿ, ಭಾರ ತಡೆದರೆ ಸಾಕು ಎಂದೆ. ನಾಳೆ ಬೆಳಿಗ್ಗೆ ಬಂದು ಕಾಲಿನ ಕಡೆಗೆ ಒಂದು ಗೇಣು ಸೇರಿಸಿಕೊಡುತ್ತಾನೆ.